ಕೆಂಪು ಪರದೆ ದಾಟಿದ ಚಾಚಾ

“ಈ ಸೈಟ್ ಸುರಕ್ಷಿತ ಅಲ್ಲ ಅಂತ ಕೆಂಪಗ ಬಂತ ಬೇಟಿ. ನೀ ಮಾಡಿದ್ದ ಐತಲ್ಲ, ಹೆದರಿಕಿ ಯಾಕಂತ ದಾಟಿ ಒಳಗ ಹೋದ್ನಿ!”

ಐನಾಪುರದ ಒಣದ್ರಾಕ್ಷಿ ವ್ಯಾಪಾರಿ ರಶೀದ್ ಚಾಚಾ ಫೋನಿನಲ್ಲಿ ನಕ್ಕರು. ಒಣದ್ರಾಕ್ಷಿಯ ಆನ್‌ಲೈನ್ ಹರಾಜು ನಡೆಯುವ ಆ ಸೈಟ್ ನೋಡಿಕೊಳ್ಳುವವಳು ನಾನೇ. ಕ್ಲೌಡ್‌ನಲ್ಲಿ ಹೊಸ ಸರ್ವರ್‌ಗಳನ್ನು ಸಿದ್ಧಪಡಿಸುವ ನನ್ನ ಕೋಡ್, ಸೈಟ್ ಅಸಲಿ ಎಂದು ಬ್ರೌಸರ್‌ಗೆ ತೋರಿಸುವ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದ ಪ್ರತಿಯನ್ನೇ ಅವಕ್ಕೆ ಹಾಕಿತ್ತು. ಅದಕ್ಕೇ ಆ ಕೆಂಪು ಎಚ್ಚರಿಕೆ.

“ಪಾಸ್‌ವರ್ಡ್ ಹಾಕೀರೇನ್ರಿ ಚಾಚಾ?”

“ಹಾಕೇನಲ್ಲ! ನಿನ್ನ ಮ್ಯಾಗ ಭರೋಸಾ ಐತಿ.”

ಪುಣ್ಯಕ್ಕೆ ಏನೂ ಆಗಲಿಲ್ಲ. ಕೋಡ್ ತಿದ್ದಿದೆ, ಊಟದ ಹೊತ್ತಿಗೆ ಎಲ್ಲ ಸರ್ವರ್‌ಗಳಿಗೂ ಹೊಸ ಪ್ರಮಾಣಪತ್ರ ಬಂತು, ಕೆಂಪು ಪರದೆ ಹೋಯಿತು.

ಆದರೆ ಚಾಚಾ ಎಚ್ಚರಿಕೆ ದಾಟುವುದನ್ನು ಕಲಿತುಬಿಟ್ಟಿದ್ದಾರೆ. ನಾಳೆ ಯಾವನೋ ಕಳ್ಳ ನನ್ನ ಸೈಟಿನದೇ ವೇಷ ಹಾಕಿ ಬಂದರೂ ಹೀಗೇ ನಗುತ್ತ ಒಳಗೆ ಹೋಗುತ್ತಾರೆ. ಅದಕ್ಕೆ ಯಾವ ಕೋಡ್ ಬರೆಯಲಿ?