ನೀಲಮ್ಮತ್ತೆಯ ಖಾಲಿ ದೋಣಿ

ನಡುಗಡ್ಡೆಯಲ್ಲಿದ್ದುಕೊಂಡು ಡಿಗ್ರಿ ಮಾಡುವುದು ಆಗದ ಮಾತು ಎಂದವರು ನನ್ನ ಸೋದರಮಾವ, ಸಿನ್ನರಿನ ಬಸವರಾಜ ಮಾಮಾ. ಪಾಪ, ಹೇಳಿದ ಜಾಗ ಸರಿಯಿರಲಿಲ್ಲ. ದೋಣಿ ನಡುನೀರಿನಲ್ಲಿತ್ತು, ಹುಟ್ಟು ನೀಲಮ್ಮತ್ತೆಯ ಕೈಯಲ್ಲಿತ್ತು. ಅತ್ತೆ ಹುಟ್ಟನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟರು.

“ಏನಂದ್ರಿ ಬೀಗರ? ಇನ್ನೊಮ್ಮಿ ಅನ್ರಿ.”

ಮಾಮಾನಿಗೆ ಈಜು ಬರದು. “ಏನಿಲ್ರಿ ನೀಲಮ್ಮ, ಪೋರಿ ಕಲೀಲಿ ಅಂದೆ.”

“ಹಂಗ ಅನ್ರಿ.”

ದೋಣಿ ಹೊರಟಿತು. ದಡಕ್ಕಿಳಿದು ಚಪ್ಪಲಿ ಮೆಟ್ಟಿದ ಮೇಲೆ ಮಾಮಾ ಮತ್ತೆ ಅದನ್ನೇ ಅಂದರು, “ಆದ್ರೂ ಇದು ಆಗಲ್ಲ ಬಿಡ್ರಿ!”

ಬೀದರ್ ಕಡೆಯ ಒಣ ಹಳ್ಳಿಯಲ್ಲಿ ಹುಟ್ಟಿದ ಅತ್ತೆ ನನ್ನ ಅಪ್ಪನ ಅಕ್ಕ, ಮದುವೆಯಾಗಿ ಮರಾಠಿ ಸೀಮೆಗೆ, ಗೋದಾವರಿಯ ಹಿನ್ನೀರಿನ ಈ ಪುಟ್ಟ ವಾಡಿಗೆ ಬಂದವರು. ಅಣೆಕಟ್ಟು ತುಂಬಿದರೆ ನಾಲ್ಕೂ ಕಡೆ ನೀರು. ಗಂಡ ತೀರಿಕೊಂಡ ಮೇಲೆ ಕಿರಾಣಿ ಅಂಗಡಿ, ದೋಣಿ ಎರಡನ್ನೂ ಅವರೇ ನಡೆಸಿದರು. ಅಪ್ಪ, ಅವ್ವ ಸಿನ್ನರಿನ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರಿಂದ ನಾನು ಬೆಳೆದದ್ದು ಅತ್ತೆಯ ಹತ್ತಿರ.

ಹೊಸಬರು ಬಂದರೆ ಅತ್ತೆಯ ಉಪದೇಶ ದೋಣಿಯಲ್ಲೇ ಶುರು. “ಫೋನ್ ಪ್ಲಾಸ್ಟಿಕ್ಕಿನಾಗ ಹಾಕ್ರಿ. ನಿಂತು ಸೆಲ್ಫಿ ತಗೀಬ್ಯಾಡ್ರಿ. ಮಧ್ಯಾಹ್ನ ಗಾಳಿ ಎದ್ರ ಇಲ್ಲೇ ಊಟ, ಇಲ್ಲೇ ನಿದ್ದಿ. ಹೆಂಡ್ತಿಗಿ ಈಗೇ ಹೇಳಿಬಿಡ್ರಿ.”

ನಮ್ಮ ವಾಡಿಯ ಕಟ್ಟುಪಾಡು ಒಂದೇ: ದೋಣಿ ಖಾಲಿ ಹೋಗಬಾರದು. ಯಾರು ದಾಟಿದರೂ ಊರಿನ ಹೊರೆ ಅವರ ಮೇಲೆ. ನಾನು ಆಚೆ ದಡದ ಕಾಲೇಜಿಗೆ ಸೇರಿದ್ದೇ ತಡ, ಗ್ಯಾಸ್ ಸಿಲಿಂಡರು, ಕೆಟ್ಟ ಮೊಬೈಲು, ಮುದುಕರ ಗುಳಿಗೆ ಎಲ್ಲ ನನ್ನ ಪಾಲಿಗೆ ಬಂದವು. ಪರೀಕ್ಷೆಯೂ ಬಾಜಾರದ ಹಾಗೇ, ತುಸು ತಡವಾದರೂ ನಡೆಯುತ್ತದೆ ಎಂದು ಎಲ್ಲರೂ ತಿಳಿದಿದ್ದರು, ಅತ್ತೆ ಸಹಿತ. ಕೊನೆಯ ವರ್ಷದ ಮೊದಲ ಪೇಪರಿನ ದಿನ, “ಹೆಂಗೂ ಹೊಂಟೀದಿ” ಎಂದು ಅವರೇ ಜೋಳದ ಚೀಲ ಹೊರಿಸಿದರು. ಗಿರಣಿಯಲ್ಲಿ ಕರೆಂಟು ಹೋಗಿತ್ತು. ಬೀಸಿಸಿಕೊಂಡು ಓಡುವಷ್ಟರಲ್ಲಿ ಪರೀಕ್ಷಾ ಕೊಠಡಿಯ ಬಾಗಿಲು ಹಾಕಿತ್ತು. ಯಾರೂ ತೆಗೆಯಲಿಲ್ಲ.

ಸುದ್ದಿ ಕೇಳಿ ಮಾಮಾ ಫೋನಿನಲ್ಲಿ, “ನಾ ಏನ್ ಹೇಳಿದ್ದೆ?” ಎಂದರು. ಅತ್ತೆ ಅಂದು ಆ ಹಿಟ್ಟಿನಿಂದಲೇ ರೊಟ್ಟಿ ಬಡಿದು ನನಗೆ ಬಡಿಸಿದರು. ತಾವು ಮಾತ್ರ ತಿನ್ನಲಿಲ್ಲ.

ಆ ಪೇಪರನ್ನು ಮತ್ತೆ ಬರೆಯುವ ಬೆಳಿಗ್ಗೆ ಯಥಾಪ್ರಕಾರ ಜನ ಗಂಟುಮೂಟೆ ಹಿಡಿದು ದೋಣಿಯ ಹತ್ತಿರ ಸೇರಿದ್ದರು. ಪಕ್ಕದ ಮನೆಯ ಗಣಪತ್ ಬಾಬಾ ಜ್ವರ ಬಂದ ಆಡನ್ನು ಆಗಲೇ ಹತ್ತಿಸಿದ್ದರು. ಅತ್ತೆ ಆಡಿನ ಹಗ್ಗ ಹಿಡಿದು ಇಳಿಸಿ ಬಾಬಾನ ಕೈಗೇ ಕೊಟ್ಟರು.

“ಇವತ್ತ ಪೋರಿ ಒಬ್ಬಾಕಿನೇ ಹೋಗ್ತಾಳ.”

“ಕಾಯ್ ಗ ನೀಲಮ್ಮಾ, ಕಲೆಕ್ಟರ್‌ಚಿ ಬೋಟ್ ಹಾಯ್ ಕಾ?” ಇದೇನು ಕಲೆಕ್ಟರರ ದೋಣಿಯೇ ಎಂದು ಬಾಬಾ ಮರಾಠಿಯಲ್ಲಿ ರೇಗಿದರು.

“ಹೋ ಬಾಬಾ, ಕಲೆಕ್ಟರಂದೇ. ನಿಮ್ಮ ಆಡು ಆಮ್ಯಾಲ ಬರ್ಲಿ. ಅದಕ್ಕೇನ್ ಪರೀಕ್ಷಾ ಅದ?”

ಜನ ಗೊಣಗಿದರು, ಒಬ್ಬಿಬ್ಬರು ನಕ್ಕರು. ಅತ್ತೆ ಹುಟ್ಟು ಹಾಕಿದರು. ಖಾಲಿ ದೋಣಿ ಅಷ್ಟು ಹಗುರಾಗಿ ಓಡುತ್ತದೆಂದು ನನಗೆ ಗೊತ್ತಾದದ್ದೇ ಅಂದು. ನಾನು ಕಾಲೇಜು ಮುಟ್ಟಿದಾಗ ಜವಾನ ಇನ್ನೂ ಅಂಗಳ ಗುಡಿಸುತ್ತಿದ್ದ.

ಪಾಸಾದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಛತ್ರಪತಿ ಸಂಭಾಜಿನಗರದ ವಿಶ್ವವಿದ್ಯಾಲಯದಿಂದ ಡಿಗ್ರಿ ಪ್ರಮಾಣಪತ್ರ ತಂದ ದಿನ ನೇರ ಅಂಗಡಿಗೆ ಹೋಗಿ ಅತ್ತೆಯ ಕೈಗಿಟ್ಟೆ. ಅಷ್ಟರಲ್ಲಿ ನನಗೆ ನಾಶಿಕದಲ್ಲಿ ಕೆಲಸವೂ ಸಿಕ್ಕಿತ್ತು. ಆ ಮಾತನ್ನು ಹೇಗೆ ತೆಗೆಯುವುದೆಂದು ತಿಳಿಯದೆ ನಿಂತಿದ್ದೆ.

ಓದು ಬಾರದ ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು, ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿದರು.

“ಇದು ತೊಯ್ದ್ರ ಅಕ್ಷರ ಉಳೀತಾವೇನ?”

“ಉಳಿಯಲ್ರಿ ಅತ್ತಿ.”

“ಹಂಗಾರ ಇಲ್ಲಿ ಇಡಬ್ಯಾಡ. ಈ ಮನಿ ಗ್ವಾಡಿ ಮಳಿಗಾಲದಾಗ ಬೆವರ್ತಾವ. ನಿಮ್ಮಪ್ಪ ಫೋನ್ ಮಾಡಿದ್ದ, ಎಲ್ಲಾ ಹೇಳ್ಯಾನ. ನಾಶಿಕದಾಗ ಛಲೋ ಮನಿ ಹಿಡಿ, ಅಲ್ಲಿ ಗ್ವಾಡಿಗಿ ಹಾಕು. ನಾ ಬಸ್ ಹತ್ತಿ ಬರ್ತೀನಿ, ನೋಡ್ಲಿಕ್ಕ.”