ಕುರಿದೊಡ್ಡಿಯ ತಾಮ್ರದ ತಗಡು

ಯಾವ ವಸ್ತು ಕೈಗೆ ಸಿಕ್ಕರೂ ಬಿಚ್ಚಿ ನೋಡದೆ ಬಿಡುವ ಜಾಯಮಾನ ನನ್ನದಲ್ಲ. ಹೊಲಿಗೆ ಕಲಿಯುವ ಮೊದಲೇ ಮೆಷಿನ್ನಿನ ಹೊಟ್ಟೆ ಬಿಚ್ಚಿ ಅವ್ವನ ಕೈಲಿ ಒದೆ ತಿಂದವಳು ನಾನು. ನಲವತ್ತು ದಾಟಿದ ಮೇಲೂ ಆ ಚಾಳಿ ಹೋಗಲಿಲ್ಲ.

ಗಂಡನ ಮನೆಯ ಋಣ ಹರಿದ ಮೇಲೆ ತಮಿಳು ಸೀಮೆಯ ಕಂಬೈನಲ್ಲೂರಿನ ಹತ್ತಿರದ ನಮ್ಮೂರಿಗೆ, ಅಣ್ಣನ ಮನೆಗೆ ಬಂದು ಸೇರಿಕೊಂಡೆ. ಅಣ್ಣ ಅತ್ತಿಗೆ ಬೇಸಾಯ ಮಾಡುತ್ತಾರೆ, ಅವ್ವ ಕುರಿ ನೋಡಿಕೊಳ್ಳುತ್ತಾಳೆ. ನಾನು ಮೂಲೆಯ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಎಂಬ್ರಾಯ್ಡರಿ ಮೆಷಿನ್ನಿಗೆ ಬೇಕಾದ ಡಿಸೈನ್ ಬರೆಯುತ್ತೇನೆ. ನವಿಲು, ಬಳ್ಳಿ, ಬುಟ್ಟಾ, ಹೀಗೆ. ಸೇಲಂನ ಅಂಗಡಿಯವರು ಕೊಳ್ಳುತ್ತಿದ್ದರು. ಆಮೇಲೆ ಇಂಟರ್ನೆಟ್ಟಿನಲ್ಲಿ ಹೊರದೇಶದ ಗಿರಾಕಿಯೊಬ್ಬಳು ಸಿಕ್ಕಳು. ಬಿಟ್‌ಕಾಯಿನ್‌ನಲ್ಲಿ ಕೊಡುತ್ತೇನೆ, ಆಗುತ್ತಾ ಎಂದು ಕೇಳಿದಳು. ಅದೇನು ಅಂತ ನೋಡಿಯೇಬಿಡೋಣ ಅನ್ನಿಸಿ ಹೂಂ ಅಂದೆ.

ಅವ್ವನಿಗೆ ಓದು ಬರಹ ಬಾರದು, ಕುತೂಹಲ ಮಾತ್ರ ನನಗಿಂತ ಒಂದು ಹಿಡಿ ಜಾಸ್ತಿ. ಹಿಕ್ಕೆ ಗುಡಿಸಿದ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು.

“ಆ ದುಡ್ಡು ಈಗ ಎಲ್ಲೈತೆ?”

“ಎಲ್ಲೂ ಇಲ್ಲವ್ವ. ಊರೂರ ಕಂಪ್ಯೂಟರ್‌ನಾಗೆ ಬರ್ಕೊಂಡವ್ರೆ, ಇಷ್ಟು ಇವಳ್ದು ಅಂತ.”

“ಮತ್ತೆ ನಿನ್ ಕೈನಾಗೇನೈತೆ?”

“ಬೀಗದ ಕೈ.”

“ಅದು ಕಳ್ದೋದ್ರೆ?”

“ಓಯ್ತು. ಯಾವ ಆಪೀಸ್‌ಗೋಗಿ ಅತ್ರೂ ಬರಾಕಿಲ್ಲ.”

“ಥೂ, ಅದೇನ್ ದುಡ್ಡೇ! ಕುರಿ ಕಳ್ದೋದ್ರೆ ಕೂಗುದ್ರಾದ್ರೂ ಬತ್ತದೆ.”

ನಾನು ನಕ್ಕೆ. ಆದರೆ ನನಗೆ ಅದರಲ್ಲಿ ಒಂದು ಮನೆ ಕಾಣುತ್ತಿತ್ತು. ಊರಾಚೆ ಕೆರೆ ದಾರಿಯಲ್ಲಿ ಮೂರು ಸೆಂಟ್ ಜಾಗ ಮಾರಾಟಕ್ಕಿತ್ತು. ನನ್ನ ಕೋಣೆ ಅತ್ತಿಗೆಗೆ ಕಡಲೆಕಾಯಿ ಮೂಟೆ ಇಡಲು ಬೇಕಾಗಿತ್ತು. ಒಂದು ದಿನ ಅವಳಿಗೂ ನನಗೂ ಮಾತಿಗೆ ಮಾತು ಬೆಳೆದು, ನನ್ನ ಬಾಯೂ ಸುಮ್ಮನಿರದೆ, “ನಿನ್ ಮನೆ ಆಳಾಗೋಗ” ಅಂದುಬಿಟ್ಟೆ. ಅದು ನಮ್ಮಣ್ಣನ ಮನೆಯೂ ಹೌದು ಎಂಬುದು ಅಂದ ಮೇಲೆ ನೆನಪಾಯಿತು. ಆವತ್ತಿನಿಂದ ಒಂದೇ ಮಡಕೆಯ ಮುದ್ದೆ ಉಂಡರೂ ಅತ್ತಿಗೆ ನಾನು ಮುಖ ನೋಡುತ್ತಿರಲಿಲ್ಲ. ನನ್ನದೇ ಒಂದು ಬಾಗಿಲು, ಒಳಗಿನಿಂದ ಹಾಕಿಕೊಳ್ಳಲು ನನ್ನದೇ ಒಂದು ಅಗುಳಿ ಬೇಕಿತ್ತು. ಎರಡು ವರ್ಷದ ದುಡಿಮೆಯನ್ನು ಮುಟ್ಟದೆ ಇಟ್ಟಿದ್ದು ಅದಕ್ಕೇ.

ಮೊದಲು ಅದನ್ನು ಫೋನಿನ ಒಂದು ಆಪ್‌ನಲ್ಲಿ ಬಿಟ್ಟಿದ್ದೆ. ಒಂದು ಬೆಳಿಗ್ಗೆ ಆಪ್ ತೆರೆಯಲೇ ಇಲ್ಲ. ಮೂರು ದಿನ ಬಿಟ್ಟೂಬಿಡದೆ ಅದನ್ನೇ ಒತ್ತುತ್ತಿದ್ದೆ. ನಾಲ್ಕನೆಯ ದಿನ ತಾನಾಗಿಯೇ ತೆರೆಯಿತು, ಪುಣ್ಯ. ಬೀಗದ ಕೈ ನನ್ನ ಹತ್ತಿರ ಇದೆಯೆಂದು ಅವ್ವನಿಗೆ ಹೇಳಿದ್ದು ಸುಳ್ಳು, ಅದು ಆಪ್‌ನವನ ಸೊಂಟದಲ್ಲಿತ್ತು ಎಂದು ಆವತ್ತು ಅರ್ಥವಾಯಿತು.

ಆಮೇಲೆ ಒಂದೇ ಸಮನೆ ಕೆದಕಿದೆ. ಬೀಗದ ಕೈಯನ್ನು ಇಂಟರ್ನೆಟ್ಟಿಗೆ ಸೋಕದ ಹಾಗೆ ಇಡಬೇಕಂತೆ. ಅದಕ್ಕೆಂದೇ ಹೆಬ್ಬೆರಳಷ್ಟು ಉದ್ದದ ಒಂದು ಸಾಧನ ಬರುತ್ತದೆ. ತರಿಸಿದೆ. ಮೊದಲ ಸಲ ಆನ್ ಮಾಡಿದಾಗ ಅದು ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತನಾಲ್ಕು ಇಂಗ್ಲಿಷ್ ಪದಗಳನ್ನು ತೋರಿಸುತ್ತದೆ. ಸಾಧನ ಕೆಟ್ಟರೆ, ಕಳೆದರೆ, ಇನ್ನೊಂದನ್ನು ತಂದು ಆ ಪದಗಳನ್ನು ಅದೇ ಸಾಲಿನಲ್ಲಿ ತುಂಬಿದರೆ ಎಲ್ಲ ವಾಪಸ್ಸು ಬರುತ್ತದೆ. ಪದಗಳು ಬೇರೆಯವರ ಕಣ್ಣಿಗೆ ಬಿದ್ದರೆ ಎಲ್ಲ ಅವರ ಪಾಲು. ಫೋನಿನಲ್ಲಿ ಫೋಟೋ ತೆಗೆಯಬಾರದು, ಕಂಪ್ಯೂಟರಿನಲ್ಲಿ ಬರೆಯಬಾರದು, ಗಂಡನಿಗಾಗಲಿ ಮಕ್ಕಳಿಗಾಗಲಿ ಸುಮ್ಮಸುಮ್ಮನೆ ಹೇಳಬಾರದು. ನನಗೆ ಆ ಎರಡು ಕಾಟವೂ ಇರಲಿಲ್ಲ.

ಚೀಟಿಯಲ್ಲಿ ಬರೆದೆ. ಆದರೆ ನಮ್ಮ ಮನೆಯ ಗೆದ್ದಲು ರೇಷನ್ ಕಾರ್ಡನ್ನೂ ಬಿಟ್ಟಿಲ್ಲ. ಲೋಹದ ಮೇಲೆ ಕೊರೆದಿಡಿ ಎಂದು ತಿಳಿದವರು ಬರೆದಿದ್ದರು. ಓಮಲೂರಿನ ಬಸ್ ಸ್ಟ್ಯಾಂಡ್ ಹತ್ತಿರ ಸ್ಟೀಲ್ ಪಾತ್ರೆಗೆ ಹೆಸರು ಕೊರೆಯುವ ತಮಿಳಿನವನೊಬ್ಬ ಕೂರುತ್ತಾನೆ. ಸೇಲಂಗೆ ಹೋದ ದಿನ ಅಲ್ಲಿ ಇಳಿದೆ. ತುಕ್ಕು ಹಿಡಿಯದಿರಲಿ ಎಂದು ಪಾತ್ರೆ ಅಂಗಡಿಯಲ್ಲಿ ಅಂಗೈಯಗಲದ ತಾಮ್ರದ ತಗಡು ಕೊಂಡಿದ್ದೆ.

“ಸೆಪ್ಪು ತಗಡಾ, ಅಕ್ಕಾ?” ಎಂದು ಅವನು ತಾಮ್ರವನ್ನೂ ನನ್ನನ್ನೂ ನೋಡಿದ. ಏನು ಕೊರೆಯಬೇಕು ಎಂದ. ಹೇಳುವುದಿಲ್ಲ, ಮೆಷಿನ್ ಕೊಡು, ನಾನೇ ಕೊರೆಯುತ್ತೇನೆ, ನೀನು ಆ ಕಡೆ ತಿರುಗಿಕೊ ಅಂದೆ. ಬಾಡಿಗೆ ಕೊಟ್ಟೆ. ಪಾಪ, ಅವನು ತಿರುಗಿಕೊಳ್ಳುವುದಲ್ಲ, ಎದ್ದು ಟೀ ಅಂಗಡಿಗೇ ಹೋಗಿಬಿಟ್ಟ. ನಾನು ಅಚ್ಚುಕಟ್ಟಾಗಿ ಗೆರೆ ಎಳೆದು ಇಪ್ಪತ್ತನಾಲ್ಕು ಮನೆ ಮಾಡಿ, ಒಂದೊಂದು ಮನೆಯಲ್ಲೂ ಅಂಕಿ, ಅದರ ಕೆಳಗೆ ಪದದ ಮೊದಲ ನಾಲ್ಕು ಅಕ್ಷರ ಕೊರೆದೆ. ನಾಲ್ಕು ಅಕ್ಷರ ಸಿಕ್ಕರೆ ಸಾಕು, ಪದ ಯಾವುದೆಂದು ತಿಳಿಯುತ್ತದೆ. ಮುಗಿಸಿ ಮೆಷಿನ್ ಕೊಡಹೋದರೆ ಅವನು ಕೈಗೆ ತೆಗೆದುಕೊಳ್ಳದೆ, ಅಲ್ಲೇ ಇಡಿ ಎಂದು ಸನ್ನೆ ಮಾಡಿದ. ವಿಚಿತ್ರ ಪ್ರಾಣಿ ಅಂದುಕೊಂಡೆ.

ಅದೇ ನೆಲದಲ್ಲಿ ಹುಟ್ಟಿ ಬೆಳೆದ ನನಗೆ ಅವನು ಹೆದರಿದ್ದು ಯಾಕೆಂದು ಹೊಳೆಯಬೇಕಿತ್ತು. ಬುದ್ಧಿಗೆ ಮಂಕು ಕವಿದಿತ್ತು.

ಚೀಟಿಯನ್ನು ಒಲೆಗೆ ಹಾಕಿದೆ. ಇನ್ನೊಂದು ಪ್ರತಿ ಮಾಡಿ ಬೇರೆ ಕಡೆ ಇಡಬೇಕಂತೆ. ಎರಡು ಇದ್ದರೆ ಕಳ್ಳನಿಗೆ ಎರಡು ದಾರಿ ಎಂದು ನಾನು ಜಾಣೆ ಮಾಡಲಿಲ್ಲ. ತಗಡು ಇಡಲು ಕುರಿದೊಡ್ಡಿಗಿಂತ ಒಳ್ಳೆಯ ಜಾಗ ಕಾಣಲಿಲ್ಲ. ಬೆಂಕಿ ಬೀಳುವುದಿಲ್ಲ, ನಾಯಿ ಇದೆ, ಗಬ್ಬು ನಾತಕ್ಕೆ ಯಾವ ಕಳ್ಳನೂ ಬರುವುದಿಲ್ಲ. ಕುರಿಗಳು ಮೇಯಲು ಹೋಗಿದ್ದ ಒಂದು ಮಧ್ಯಾಹ್ನ, ನೀರಿನ ಕಲ್ಲುತೊಟ್ಟಿಯ ಪಕ್ಕ ಮೊಳದಾಳ ಅಗೆದು, ಅರಿಶಿನ ಬಣ್ಣದ ಬಟ್ಟೆಯ ಚೂರು ಸಿಕ್ಕಿತೆಂದು ಅದರಲ್ಲೇ ಸುತ್ತಿ ಹೂತೆ. ಯಾರಿಗೂ ಹೇಳಲಿಲ್ಲ. ಅವ್ವನಿಗೂ.

ಅದಾದ ವಾರಕ್ಕೆ ಅಣ್ಣ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಆಸ್ಪತ್ರೆ, ಪ್ಲಾಸ್ಟರ್ ಎಂದು ಮನೆಯೆಲ್ಲ ಅಲ್ಲೋಲಕಲ್ಲೋಲ. ಆ ತಿಂಗಳಿಂದ ಅವ್ವ ಮಾತು ಕಡಿಮೆ ಮಾಡಿದಳು. ನನ್ನ ಕಂಪ್ಯೂಟರ್ ಪಕ್ಕ ಬಂದು ಕೂರುವುದೂ ನಿಂತಿತು. ಮಗನ ಚಿಂತೆ ಎಂದುಕೊಂಡು ನಾನೂ ಬಲವಂತ ಮಾಡಲಿಲ್ಲ. ಅಣ್ಣ ಕೋಲಿಲ್ಲದೆ ನಡೆಯುವಷ್ಟಾದರೂ ಅವ್ವ ಮೊದಲಿನಂತಾಗಲಿಲ್ಲ.

ತಗಡು ಹೂತ ಎಂಟು ತಿಂಗಳ ಮೇಲೆ ಕೆರೆ ದಾರಿಯ ಜಾಗದವರು, ಬರುವ ತಿಂಗಳೊಳಗೆ ತೆಗೆದುಕೊಳ್ಳುವುದಾದರೆ ನಿನಗೇ, ಇಲ್ಲದಿದ್ದರೆ ಬೇರೆಯವರಿಗೆ ಎಂದರು. ನಾನು ಸಾಧನವನ್ನು ಕಂಪ್ಯೂಟರಿಗೆ ಸಿಕ್ಕಿಸಿದೆ. ದೀಪ ಬರಲಿಲ್ಲ. ವೈರ್ ಬದಲಿಸಿದೆ, ಬರಲಿಲ್ಲ. ಸತ್ತುಹೋಗಿತ್ತು. ನಾನು ಒಂದಿಷ್ಟೂ ಹೆದರಲಿಲ್ಲ, ಸುಳ್ಳೇಕೆ, ಒಳಗೊಳಗೇ ಖುಷಿಯೇ ಆಯಿತು. ಓದಿದ್ದೆಲ್ಲ ನಿಜವೋ ಅಲ್ಲವೋ, ಹೊಸದಕ್ಕೆ ಪದ ತುಂಬಿ ಕಣ್ಣಾರೆ ನೋಡಬಹುದಲ್ಲ! ಹೊಸ ಸಾಧನ ತರಿಸಿದೆ. ಅದು ಬಂದ ದಿನವೇ ಸಲಿಕೆ ಹಿಡಿದು ದೊಡ್ಡಿಗೆ ಹೋದೆ.

ಮೊಳ ಅಗೆದೆ. ಇಲ್ಲ. ಎಡಕ್ಕೆ ಅಗೆದೆ, ಬಲಕ್ಕೆ ಅಗೆದೆ. ಕಲ್ಲುತೊಟ್ಟಿಯನ್ನೇ ಸರಿಸಿದೆ. ಆ ಜಗಳದಿಂದ ನನ್ನ ಜೊತೆ ಮಾತು ಬಿಟ್ಟಿದ್ದ ಅತ್ತಿಗೆ ಬೇಲಿಯ ಹತ್ತಿರ ಬಂದು, “ಏನು, ಪುದೈಯಲ್ ಐತಾ?” ಎಂದಳು. ನಿಧಿ ಎನ್ನುವುದಕ್ಕೆ ನಮ್ಮ ಬಾಯಿಗೆ ಆ ತಮಿಳು ಮಾತೇ ಬರುತ್ತದೆ. ಊಂ, ಇತ್ತು ಅಂದೆ. ಅವಳು ನಕ್ಕು ಹೋದಳು.

ಅಷ್ಟರಲ್ಲಿ ಅವ್ವ ಬಂದಳು. ಗುಂಡಿ ನೋಡಿ ಅವಳ ಮುಖ ಬಿಳಿಚಿಕೊಂಡಿತು. ನನ್ನ ಕೈಯಿಂದ ಸಲಿಕೆ ಕಿತ್ತುಕೊಂಡಳು.

“ಅಗೀಬ್ಯಾಡ. ಅದಿಲ್ಲ.”

“ಯಾವ್ದವ್ವಾ?”

“ತಗಡು. ಮಾಟದ್ದು. ನಿಮ್ಮಣ್ಣ ಬಿದ್ನಲ್ಲ, ಆವಾಗ್ಲೇ ಕಿತ್ತು ಒಗೇನಕಲ್‌ಗೋಗಿ ಒಳೀಗಾಕ್ಬುಟ್ಟೆ.”

ನಮ್ಮ ಕಡೆ ಯಾರಾದರೂ ಒಂದು ಮನೆ ಹಾಳಾಗಲೆಂದು ಬಯಸಿದರೆ ತಾಮ್ರದ ತಗಡಿನ ಮೇಲೆ ಗೆರೆ ಎಳೆದು ಚೌಕದ ಮನೆ ಬರೆಸಿ, ಅಂಕಿ ಅಕ್ಷರ ಕೊರೆಸಿ, ಅರಿಶಿನ ಬಟ್ಟೆಯಲ್ಲಿ ಸುತ್ತಿ ಆ ಮನೆಯ ಬಾಗಿಲಲ್ಲೋ ದೊಡ್ಡಿಯಲ್ಲೋ ಹೂಳಿಸುತ್ತಾರೆ. ಸಿಕ್ಕರೆ ಹರಿಯುವ ನೀರಿಗೆ ಹಾಕಬೇಕು. ಒಂದೂ ಬಿಡದಂತೆ ನಾನು ಎಲ್ಲವನ್ನೂ ಮಾಡಿದ್ದೆ. ನಾನು ಹಿಕ್ಕೆಯ ಮೇಲೇ ಕುಸಿದು ಕೂತೆ.

“ಅವ್ವಾ, ಅದು ಮಾಟ ಅಲ್ಲ. ನಂದು. ನಾ ಯೇಳ್ತಿದ್ನಲ್ಲ, ಆ ದುಡ್ಡಿನ ಬೀಗದ ಕೈ. ಅದ್ರಾಗೇ ಇತ್ತು ಎಲ್ಲಾ. ನನ್ ಮನೆ ಓಯ್ತು ಕಣವ್ವಾ!”

ನಾನು ಗೊಳೋ ಎಂದು ಅಳುತ್ತಿದ್ದೇನೆ. ಅವ್ವ “ಬೀಗದ ಕೈಯಾ? ಬರೀ ಬೀಗದ ಕೈಯಾ?” ಎಂದು ಎರಡೆರಡು ಸಲ ಕೇಳಿದಳು. ಹೂಂ ಅಂದೆ. ಆಗ ಅವಳ ಮುಖ ನೋಡಬೇಕಿತ್ತು. ತಲೆಯ ಮೇಲಿನ ಸೌದೆ ಹೊರೆ ಕೆಳಗಿಳಿಸಿದವಳ ಮುಖ. ನನ್ನ ಎರಡು ವರ್ಷದ ದುಡಿಮೆ ಹೊಳೆಪಾಲಾಗಿದೆ, ನನ್ನ ಹೆತ್ತವಳಿಗೆ ನಿರಾಳ! ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದು ಅಂದೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿ, “ನಾಳೀಕೆ ಓಗಿ ನೋಡಾನ, ಏಳು” ಎಂದಳು.

ಆ ರಾತ್ರಿ ನೆನಪಿದ್ದಷ್ಟು ಪದ ಬರೆದುಕೊಂಡೆ. ಒಂಬತ್ತು ಬಂತು. ಸಾಲು ತಿಳಿಯದ ಒಂಬತ್ತು ಪದ ಯಾವ ಕೆಲಸಕ್ಕೂ ಬಾರದು.

ಮರುದಿನ ಬಸ್ ಹಿಡಿದು ಹೊಗೆನಕಲ್‌ಗೆ ಹೋದೆವು. ಅವ್ವ ಮೀನು ಹುರಿಯುವ ಅಂಗಡಿಗಳನ್ನು ದಾಟಿ, ಸೀದಾ ಒಂದು ಬಂಡೆಯ ಮೇಲೆ ನಿಂತು, ಇಲ್ಲಿಂದ ಬೀಸಿ ಎಸೆದೆ ಎಂದು ತೋರಿಸಿದಳು. ಕೆಳಗೆ ನೀರು ಕುದಿಯುತ್ತಿತ್ತು. ದಡದಲ್ಲಿ ತೆಪ್ಪಕ್ಕೆ ಟಾರು ಬಳಿಯುತ್ತಿದ್ದ ವಯಸ್ಸಾದ ಅಂಬಿಗನನ್ನು, ಎಂಟು ತಿಂಗಳ ಹಿಂದೆ ಇಲ್ಲಿ ಬಿದ್ದ ತಗಡು ಸಿಗುತ್ತಾ ಎಂದು ಕೇಳಿದೆ.

“ಏಟು ಭಾರ?” ಎಂದ.

“ಒಂದು ಚಮಚದಷ್ಟು.”

“ಮೇಲಿಂದ ಮನುಷ್ಯ ಬಿದ್ರೇ ಮೂರ್ ದಿನಕ್ಕೆ ಎಲ್ಲೋ ಏಳ್ತಾನೆ ಕಣಮ್ಮಾ. ಎರಡು ಸರ್ತಿ ಒಳೆ ತುಂಬಿ ಓಯ್ತು ಅಲ್ಲಿಂದೀಚೆಗೆ. ಚಮಚ ಎಲ್ ಉಡುಕ್ಲಿ?”

ಅವನು ಬಯ್ಯಲಿಲ್ಲ, ನಗಲೂ ಇಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಅಂತಾರಲ್ಲ, ನನ್ನ ದುಡಿಮೆ ಅಕ್ಷರಶಃ ಹಾಗಾಗಿತ್ತು. ಆ ದುಡ್ಡು ಕಳುವಾಗಿಲ್ಲ, ಖರ್ಚಾಗಿಲ್ಲ. ಊರೂರ ಕಂಪ್ಯೂಟರುಗಳಲ್ಲಿ ಇವತ್ತಿಗೂ ಇಷ್ಟು ಇವಳದು ಎಂದು ಬರೆದೇ ಇದೆ. ನಾನು ಮುಟ್ಟುವ ಹಾಗಿಲ್ಲ ಅಷ್ಟೆ. ಮೂರು ಸೆಂಟ್ ಜಾಗ ಮುಂದೆ ಇನ್ನೊಬ್ಬರದಾಯಿತು.

ಬಂಡೆಯ ಮೇಲೆ ಇಬ್ಬರೂ ಕೂತೆವು. ಅಳು ಮುಗಿದಿತ್ತು. ಅಳು ಮುಗಿದರೆ ನನ್ನ ತಲೆ ಮತ್ತೆ ಕೆದಕಲು ಶುರುಮಾಡುತ್ತದೆ. ದೊಡ್ಡಿಯಲ್ಲಿ ಮಾಟದ ತಗಡು ಸಿಕ್ಕರೆ ಯಾರೂ ಬಾಯಿ ಮುಚ್ಚಿಕೊಂಡು ಇರುವುದಿಲ್ಲ. ಬೀದಿಯಲ್ಲಿ ನಿಂತು ಮಣ್ಣು ತೂರಿ ಶಾಪ ಹಾಕುತ್ತಾರೆ. ಪೂಜಾರಿಯನ್ನು ಕರೆಸಿ ಯಾರು ಹೂಳಿದ್ದು ಎಂದು ಕೇಳಿಸುತ್ತಾರೆ. ಅವ್ವ ಒಬ್ಬಳೇ, ಗುಟ್ಟಾಗಿ, ಎರಡು ಬಸ್ ಬದಲಿಸಿ ಇಲ್ಲಿಯತನಕ ಬಂದಿದ್ದಳು.

“ಪೂಜಾರಿನ ಯಾಕೆ ಕರೀಲಿಲ್ಲ ನೀನು?” ಎಂದೆ.

“ಕರುದ್ರೆ ಅವ್ನು ಎಸ್ರು ಯೇಳ್ಬುಡ್ತಾನೆ.”

“ಯೇಳ್ಲಿ. ಅದ್ಕೇ ತಾನೆ ಕರಿಯೋದು?”

ಅವ್ವ ನೀರನ್ನೇ ನೋಡುತ್ತಿದ್ದಳು.

“ನೀ ಊತಿದ್ದ ನಾ ನೋಡ್ದೆ ಕಣೇ. ಮರಿಗೆ ಸೊಪ್ಪು ಮರ್ತಿದ್ದೆ ಅಂತ ವಾಪಸ್ ಬಂದಿದ್ದೆ. ಬೇಲಿ ಸಂದೀಲಿ ನಿಂತು ನೋಡ್ದೆ. ಅತ್ತಿಗೇನ ಮನೆ ಆಳಾಗೋಗ ಅಂದಿದ್ದೆ ನೀನು. ವಾರಕ್ಕೆ ನಿಮ್ಮಣ್ಣ ಬಿದ್ದ.”

ಎಂಟು ತಿಂಗಳು. ಒಡಹುಟ್ಟಿದವನಿಗೆ ಮಾಟ ಮಾಡಿಸಿದ ಮಗಳು ಎಂದು ತಿಳಿದುಕೊಂಡೇ ಅವಳು ದಿನಾ ನನ್ನ ತಟ್ಟೆಗೆ ಮುದ್ದೆ ಹಾಕಿದ್ದಳು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದ್ದಳು. ಮಗನಿಗೆ ಹೇಳಲಿಲ್ಲ, ಸೊಸೆಗೆ ಹೇಳಲಿಲ್ಲ. ಹಾಗೆ ನಂಬಿದಳಲ್ಲ ಎಂದು ಹೊಟ್ಟೆ ಉರಿಯಿತು. ನಂಬಿಯೂ ನನ್ನನ್ನು ಬಿಡಲಿಲ್ಲವಲ್ಲ ಎಂದು ಆ ಉರಿಯೇ ಕಣ್ಣೀರಾಯಿತು.

“ನನ್ನೇ ಒಂದ್ ಮಾತು ಕೇಳ್ಬಾರ್ದಿತ್ತಾ ಅವ್ವಾ? ಯಾಕೆ ಕೇಳ್ಲಿಲ್ಲ?”

ಅವ್ವ ನನ್ನ ಕೈ ಹಿಡಿದುಕೊಂಡಳು.

“ಕೇಳ್ಬುಟ್ಟು, ನೀ ಊಂ ಅಂದ್ಬುಟ್ಟಿದ್ರೆ?”