ಪರದೆ ಮಾತ್ರ ಆರಿಸಿದ ದಿನ

ನಮ್ಮ ಸೊಸೈಟಿಯ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದದ್ದು ನಾನು ಅದಕ್ಕೆ ಹೆದರುವುದಿಲ್ಲ ಎಂಬ ಒಂದೇ ಕಾರಣಕ್ಕೆ. ನಿಜವೆಂದರೆ ಎಲ್ಲರಷ್ಟೇ ನಾನೂ ಹೆದರುತ್ತಿದ್ದೆ, ತೋರಿಸಿಕೊಳ್ಳುತ್ತಿರಲಿಲ್ಲ ಅಷ್ಟೆ. ಹೈಸ್ಕೂಲು ಮುಗಿಸಿ ಗೊಬ್ಬರದ ಗೋದಾಮಿಗೆ ಗುಮಾಸ್ತನಾಗಿ ಸೇರಿದವನು, ನಿವೃತ್ತಿ ಹತ್ತಿರವಾದಾಗ ‘ಸಿಸ್ಟಮ್ ಇನ್‌ಚಾರ್ಜ್’ ಆದೆ. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು.

ಕೊಪ್ಪದಲ್ಲಿ ನಮ್ಮ ಮುಖ್ಯ ಕಚೇರಿ, ಶೃಂಗೇರಿಯಲ್ಲೂ ನರಸಿಂಹರಾಜಪುರದಲ್ಲೂ ಶಾಖೆ. ಅಡಿಕೆ ಬೆಳೆಗಾರರಿಗೆ ಗೊಬ್ಬರ, ಸುಣ್ಣ, ಮೈಲುತುತ್ತ ಕೊಡುವುದು ಕೆಲಸ. ಸದಸ್ಯರು ಮೂರರಲ್ಲಿ ಯಾವ ಕಚೇರಿಯಿಂದಲಾದರೂ ತಮ್ಮ ಪಾಲು ಒಯ್ಯಬಹುದಿತ್ತು. ಯಾರು ಎಲ್ಲಿ ಎಷ್ಟು ಒಯ್ದರು ಎಂಬುದು ಟೆಲಿಫೋನ್ ತಂತಿಯಲ್ಲಿ ಕೊಪ್ಪಕ್ಕೆ ಬರುತ್ತಿತ್ತು. ಅಲ್ಲಿ ಒಂದು ಸಣ್ಣ ಕೋಣೆಯಲ್ಲಿ ಎರಡು ಸರ್ವರ್‌ಗಳನ್ನು ಜೋಡಿಸಿ ಇಟ್ಟಿದ್ದರು. ಒಂದು ಕೆಟ್ಟರೆ ಇನ್ನೊಂದು ತಾನಾಗಿ ಕೆಲಸ ಎತ್ತಿಕೊಳ್ಳುತ್ತದೆ ಎಂದು ಕಂಪನಿಯವರು ಹೇಳಿ ಹೋಗಿದ್ದರು. ನಮಗೆಲ್ಲ ಅಷ್ಟು ಸಮಾಧಾನ ಸಾಕಾಗಿತ್ತು. ಸಾಕಾಗದೆ ಹೋದದ್ದು ಹೊಸದಾಗಿ ಬಂದ ಕಾರ್ಯದರ್ಶಿಯವರಿಗೆ.

ಅವರು ಜಯಪುರದ ಕಡೆಯ ಹೆಂಗಸು, ನನಗಿಂತ ಚಿಕ್ಕವರು. ಕಚೇರಿಯಲ್ಲಿ ಯಾವ ವಸ್ತು ಕಂಡರೂ ‘ಇದಿಲ್ದಿದ್ರೆ ಎಂತ ಮಾಡೋದು?’ ಎಂದು ಕೇಳುವ ಅಭ್ಯಾಸ ಅವರಿಗೆ. ಗೋದಾಮಿನ ಬೀಗದ ಕೈ, ಜನರೇಟರ್, ತಕ್ಕಡಿ, ಜೀಪು ಓಡಿಸುವವನು, ಎಲ್ಲದಕ್ಕೂ ಅದೇ ಪ್ರಶ್ನೆ. ಒಂದು ದಿನ ಚಹಾ ಕುಡಿಯುತ್ತಾ, ‘ನಾನೇ ಇಲ್ದಿದ್ರೆ ಎಂತ ಮಾಡ್ತೀರಿ?’ ಎಂದೂ ಕೇಳಿದರು. ಹಾಗೆಲ್ಲ ಮಾತಾಡಬಾರದು ಎಂದು ನಾವು ಗಾಬರಿಯಾದೆವು. ಅವರು ನಕ್ಕು, ಯಾವ ಕಪಾಟು ಯಾರು ತೆಗೆಯಬೇಕು ಎಂದು ಅಲ್ಲೇ ಗೊತ್ತುಮಾಡಿದರು. ಅಪಶಕುನ ಎಂದು ನಾವು ಬಾಯಿಗೆ ತರದ ಮಾತನ್ನು ಅವರು ಅಕ್ಕಿ ಆರಿಸಿದಷ್ಟು ನಿಧಾನವಾಗಿ ಎತ್ತಿ ನೋಡುತ್ತಿದ್ದರು. ಅಂಥ ಧೈರ್ಯವನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತು ಅವರು ಕೇಳಿದ್ದು ಇಷ್ಟು: “ಎರಡೂ ಎತ್ತು ಒಂದೇ ಕೊಟ್ಟಿಗೇಲಿ ಕಟ್ಟಿದೀರಲ್ಲ ಮಾರಾಯ್ರೆ. ಕೊಟ್ಟಿಗೆ ಬಿದ್ರೆ?”

ಅವರು ಯೋಜನೆಯೊಂದನ್ನು ಸಿದ್ಧಪಡಿಸಿದರು. ನರಸಿಂಹರಾಜಪುರದಲ್ಲಿ ಮೂರನೆಯ ಸರ್ವರ್ ಇಡುವುದು, ದಿನವೂ ಸಂಜೆ ಕೊಪ್ಪದ ಲೆಕ್ಕವನ್ನೆಲ್ಲ ಅಲ್ಲಿಗೆ ನಕಲು ಮಾಡುವುದು, ಕೊಪ್ಪದ ಜೋಡಿ ಒಟ್ಟಿಗೆ ಹೋದರೆ ಅಲ್ಲಿಂದಲೇ ಮೂರೂ ಕಚೇರಿ ನಡೆಸುವುದು. ಆಡಳಿತ ಮಂಡಳಿಯಲ್ಲಿ ಹಿರಿಯ ನಿರ್ದೇಶಕರೊಬ್ಬರಿಗೆ ಇದು ತಮಾಷೆಯಾಗಿ ಕಂಡಿತು. “ಬದುಕಿರೋ ಯಂತ್ರಕ್ಕೆ ತಿಥಿ ಮಾಡ್ಸೋಕೆ ಹೊರಟಿದೀರಲ್ಲಮ್ಮ,” ಎಂದರು. ಎಲ್ಲರೂ ನಕ್ಕರು, ಕಾರ್ಯದರ್ಶಿಯವರೂ ನಕ್ಕರು. ಕೊನೆಗೆ ಮಂಡಳಿ ಒಪ್ಪಿತು, ಆದರೆ ಬೇಕಾದ ದಿನ ಆ ಯಂತ್ರ ಏಳದಿದ್ದರೆ ಇಂಥ ಯೋಜನೆ ಹಿಡಿದುಕೊಂಡು ಮತ್ತೆ ನಮ್ಮ ಮುಂದೆ ಬರಬಾರದು ಎಂದು ಹಿರಿಯರು ಹೇಳಿಯೇಬಿಟ್ಟರು. ಹಾಗಾದರೆ ಮಳೆಗಾಲಕ್ಕೆ ಮೊದಲೇ ನಿಮ್ಮೆದುರು ಪರೀಕ್ಷೆ ಮಾಡಿ ತೋರಿಸುತ್ತೇನೆ ಎಂದು ಅವರು ಮಾತು ಕೊಟ್ಟರು.

ಪರೀಕ್ಷೆ ಸರಳವಾಗಿತ್ತು. ಕೊಪ್ಪದ ಎರಡೂ ಸರ್ವರ್‌ಗಳ ಕರೆಂಟಿನ ವಯರು ಕೀಳಬೇಕು. ನರಸಿಂಹರಾಜಪುರದವರು ತಮ್ಮ ಯಂತ್ರದಲ್ಲಿ ಕೆಲಸ ಶುರುಮಾಡಿ ಫೋನಿನಲ್ಲಿ ಹೇಳಬೇಕು. ಕೀಳುವವನು ನಾನು.

ಅದಕ್ಕೆ ಕೆಲವು ತಿಂಗಳ ಹಿಂದೆ ಕರೆಂಟು ಹೋಗಿ ಬಂದಾಗ ಆ ಜೋಡಿ ಸಂಜೆಯವರೆಗೂ ಏಳಲೇ ಇಲ್ಲ. ಅಂದು ಕೌಂಟರಿನ ಮುಂದೆ ಜನ ಕಾದು ಕಾದು ನನ್ನ ಮುಖ ನೋಡುತ್ತಿದ್ದರು. ಕೊನೆಗೆ ಅದು ಹೇಗೆ ಎದ್ದಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನೇ ಸರಿಮಾಡಿದೆ ಎಂದು ಎಲ್ಲರೂ ನಂಬಿದ್ದರು, ನಾನೂ ಅಲ್ಲವೆಂದಿರಲಿಲ್ಲ. ಈಗ ಮಂಡಳಿಯ ಎದುರಿಗೇ ವಯರು ಕಿತ್ತು, ಮತ್ತೆ ಅದು ಏಳದಿದ್ದರೆ?

ನಿರ್ದೇಶಕರು ಬಂದರು. ಗೋಳಿಬಜೆ, ಕಾಫಿ ಆಯಿತು. ಸರ್ವರ್ ಕೋಣೆಯಲ್ಲಿ ಒಬ್ಬರಿಗಷ್ಟೇ ಜಾಗ, ಹಾಗಾಗಿ ಅವರೆಲ್ಲ ಗಾಜಿನ ಕಿಟಕಿಯ ಹೊರಗೆ ನಿಂತರು. ನಾನು ಒಳಗೆ ಹೋಗಿ ಯಂತ್ರಗಳ ಹಿಂದೆ ಬಗ್ಗಿದೆ. ವಯರು ಕೈಯಲ್ಲಿ ಹಿಡಿದೆ, ಬಿಟ್ಟೆ. ಎದ್ದು ನಿಂತು ಪರದೆಗಳನ್ನು ಮಾತ್ರ ಆರಿಸಿದೆ. ಗಾಜಿನಾಚೆ ನಿಂತವರಿಗೆ ಕಂಡದ್ದು ಕಪ್ಪು ಪರದೆ. ಒಳಗೆ ಯಂತ್ರಗಳ ಫ್ಯಾನು ತಿರುಗುತ್ತಲೇ ಇತ್ತು. ಏಸಿಯ ಸದ್ದಿನಲ್ಲಿ ಅದು ಹೊರಗೆ ಕೇಳುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ನರಸಿಂಹರಾಜಪುರದಿಂದ ಫೋನು ಬಂತು, ಇಲ್ಲಿ ಎಲ್ಲ ನಡೆಯುತ್ತಿದೆ ಎಂದು. ಹಿರಿಯ ನಿರ್ದೇಶಕರು ಸ್ವತಃ ಕಾರ್ಯದರ್ಶಿಯವರಿಗೆ ಕೈಮುಗಿದರು. ಅವರು ನನ್ನತ್ತ ತಿರುಗಿ ಥ್ಯಾಂಕ್ಸ್ ಹೇಳಿದರು. ಅವರ ಮುಖದಲ್ಲಿ ಅಷ್ಟು ನಿರಾಳವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮೇ ತಿಂಗಳ ಕೊನೆಗೆ ಒಂದು ಮಧ್ಯಾಹ್ನ ಗುಡುಗು ಶುರುವಾಯಿತು. ಸಿಡಿಲು ಟೆಲಿಫೋನ್ ತಂತಿಯಲ್ಲಿ ಇಳಿದು ಕೊಪ್ಪದ ಎರಡೂ ಸರ್ವರ್ ಸುಟ್ಟುಹೋದವು. ಕೋಣೆಯೆಲ್ಲ ಪ್ಲಾಸ್ಟಿಕ್ ಕರಟಿದ ವಾಸನೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಔಷಧಿ ಹೊಡೆಯುವ ಕಾಲ ಅದು. ಮಳೆ ಹಿಡಿದುಕೊಳ್ಳುವ ಮೊದಲು ಮೈಲುತುತ್ತ ತೋಟ ಸೇರದಿದ್ದರೆ ಕಾಯಿ ಉದುರುತ್ತದೆ. ಆ ವರ್ಷ ದಾಸ್ತಾನು ಬೇರೆ ಕಡಿಮೆ ಇತ್ತು. ತೋಟ ಎಷ್ಟಿದೆಯೋ ಅಷ್ಟಕ್ಕೇ ಪಾಲು. ಲೆಕ್ಕ ಕಾಣದೆ ಕೊಡುತ್ತ ಹೋದರೆ ಒಬ್ಬನೇ ಎರಡು ಕಡೆ ಒಯ್ದು ಇನ್ನೊಬ್ಬ ಬರಿಗೈಯಲ್ಲಿ ಹೋಗುತ್ತಿದ್ದ.

ಕಾರ್ಯದರ್ಶಿಯವರ ಮುಖದಲ್ಲಿ ಗಾಬರಿ ಇರಲಿಲ್ಲ. ಇಂಥ ದಿನಕ್ಕೆಂದೇ ಅಲ್ಲವೇ ಯೋಜನೆ? ಮರುದಿನ ಬೆಳಿಗ್ಗೆ ಇಬ್ಬರೂ ಜೀಪಿನಲ್ಲಿ ನರಸಿಂಹರಾಜಪುರಕ್ಕೆ ಹೋದೆವು. ಮೂರನೆಯ ಯಂತ್ರ ಎದ್ದಿತು. ಆದರೆ ಕೆಲಸ ಶುರುಮಾಡುವ ಮೊದಲೇ, ಲಾಕ್ ಸಿಗುತ್ತಿಲ್ಲ ಎಂದು ಬರೆದು ನಿಂತುಬಿಟ್ಟಿತು.

ಲಾಕ್ ಎಂದರೆ ಹೆಬ್ಬೆರಳಿನಷ್ಟು ದೊಡ್ಡ ಒಂದು ತುಂಡು. ಕಂಪನಿಯವರು ಅದನ್ನು ಕೊಪ್ಪದ ಸರ್ವರಿನ ಬೆನ್ನಿಗೆ ಸಿಕ್ಕಿಸಿದ್ದರು. ಅದು ಇದ್ದರೆ ಮಾತ್ರ ಅವರ ಪ್ರೋಗ್ರಾಮ್ ನಡೆಯುತ್ತಿತ್ತು. ಮೂರನೆಯ ಯಂತ್ರವೂ ತಂತಿಯ ಮೂಲಕ ಕೊಪ್ಪದ ಆ ತುಂಡನ್ನೇ ಹುಡುಕುತ್ತಿತ್ತು. ನಾನು ಅಂದು ನಿಜವಾಗಿ ವಯರು ಕಿತ್ತಿದ್ದರೆ ಇದು ಅಂದೇ ಬಯಲಾಗುತ್ತಿತ್ತು, ಕಂಪನಿಯಿಂದ ಇನ್ನೊಂದು ತರಿಸಿಕೊಳ್ಳುತ್ತಿದ್ದೆವು. ಈಗ ಇದ್ದ ಒಂದೂ ಸುಟ್ಟಿತ್ತು.

“ಆವತ್ತು ಆಗಿತ್ತಲ್ಲ. ಈಗ ಎಂತಕ್ಕೆ ಆಗ್ತಿಲ್ಲ?” ಎಂದರು ಅವರು, ನನ್ನನ್ನಲ್ಲ, ಯಂತ್ರವನ್ನು.

ಕಾರಣ ನನಗೆ ಆ ಕ್ಷಣವೇ ಗೊತ್ತಾಗಿತ್ತು. ಆದರೂ ಇಡೀ ಬೆಳಗು ಸುಮ್ಮನಿದ್ದೆ. ಪರೀಕ್ಷೆಯನ್ನು ನಂಬಿದ್ದ ಅವರು, ಆಮೇಲೆ ಈ ಯಂತ್ರವೇ ಕೆಟ್ಟಿರಬೇಕೆಂದು ತಿಳಿದು ಶಿವಮೊಗ್ಗದಿಂದ ಮೆಕ್ಯಾನಿಕ್ ಕರೆಸಿ ಎಲ್ಲ ಬಿಚ್ಚಿಸಲು ಹೊರಟರು. ಬಿಚ್ಚಿದರೆ ಇದ್ದ ನಕಲೂ ಅಳಿಸಿಹೋಗಬಹುದಿತ್ತು. ಆಗ ಬಾಯಿ ಬಿಟ್ಟೆ. ವಯರು ಕೀಳಲಿಲ್ಲ, ಪರದೆ ಮಾತ್ರ ಆರಿಸಿದ್ದು ಎಂದೆ.

ಅವರು ಕೂಗಾಡಲಿಲ್ಲ. ಎದ್ದು ಕಿಟಕಿಯ ಬಳಿ ಹೋದರು. ಆಮೇಲೆ ತಮ್ಮ ಹಳೆಯ ಪ್ರಶ್ನೆಯನ್ನೇ ಮೆಲ್ಲಗೆ ಕೇಳಿಕೊಂಡರು: “ಇದೂ ಇಲ್ದಿದ್ರೆ ಎಂತ ಮಾಡೋದು?”

ಕಿಟಕಿಯ ಹೊರಗೆ ಬೆಳೆಗಾರರು ಜೀಪಿನಿಂದ ಇಳಿಯುತ್ತಿದ್ದರು. ಒಂದೊಂದು ಜೀಪಿನಲ್ಲಿ ಒಂದೊಂದು ಕೇರಿಯವರು. ನಮ್ಮ ಕಡೆ ಔಷಧಿ ಹೊಡೆಯುವುದು ಮುಯ್ಯಾಳಿನಲ್ಲಿ. ಇವತ್ತು ನಿನ್ನ ತೋಟಕ್ಕೆ ನಾವೆಲ್ಲ, ನಾಳೆ ನನ್ನ ತೋಟಕ್ಕೆ ನೀವೆಲ್ಲ. ಕಾರ್ಯದರ್ಶಿಯವರು ಅದನ್ನು ನೋಡುತ್ತಲೇ ತೀರ್ಮಾನ ಮಾಡಿದರು. ಉಳಿದೆರಡು ಕಚೇರಿಗೂ ಫೋನು ಹೋಯಿತು: ಒಬ್ಬೊಬ್ಬರಿಗೆ ಕೊಡಬೇಡಿ, ಮುಯ್ಯಾಳಿನ ಗುಂಪು ಒಟ್ಟಿಗೆ ಬರಲಿ, ತಮ್ಮ ಹತ್ತಿರದ ಕಚೇರಿಗೇ ಬರಲಿ, ಪಾಲನ್ನು ಒಬ್ಬರೆದುರು ಒಬ್ಬರು ಹೇಳಲಿ.

ಆ ವಾರ ಶೃಂಗೇರಿಯ ಕೌಂಟರಿನಲ್ಲಿ ನಾನೇ ಕೂತಿದ್ದೆ. ಕಿಗ್ಗದ ಗುಂಪು ಬಂತು, ನೆಮ್ಮಾರಿನ ಗುಂಪು ಬಂತು. ಒಬ್ಬರು ತಮ್ಮ ತೋಟವನ್ನು ಕೊಂಚ ಹಿಗ್ಗಿಸಿ ಹೇಳಿದರು. ಪಕ್ಕದಲ್ಲಿದ್ದವರು ಅವರ ಮುಖವನ್ನೇ ನೋಡಿ, “ಅಷ್ಟು ತೋಟ ಯಾವಾಗ ಆಯ್ತು ಮಾರಾಯ? ಸುಗ್ಗೀಲಿ ನಾವು ಅಡಿಕೆ ಕೊನೆ ತೆಗಿವಾಗ ಇರ್ಲಿಲ್ವಲ್ಲ,” ಎಂದರು. ಗುಂಪೆಲ್ಲ ನಕ್ಕಿತು, ಹಿಗ್ಗಿಸಿದವರೂ ನಕ್ಕು ಸರಿಯಾದದ್ದನ್ನು ಹೇಳಿದರು. ಮಳೆ ಹಿಡಿಯುವ ಮೊದಲು ಮೈಲುತುತ್ತವೆಲ್ಲ ತೋಟ ಸೇರಿತು.

ಆದರೂ ಮಂಡಳಿಯ ಸಭೆ ಬಂದೇ ಬಂತು. ಪರೀಕ್ಷೆಯಲ್ಲಿ ಎದ್ದ ಯಂತ್ರ ಬೇಕಾದ ದಿನ ಏಕೆ ಏಳಲಿಲ್ಲ ಎಂದು ಹಿರಿಯ ನಿರ್ದೇಶಕರು ಕೇಳಿದರು. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದೆ. ಈಗ ನನ್ನ ಕಡೆ ಬೆರಳು ತೋರಿಸುತ್ತಾರೆ ಎಂದು ಕಾದೆ. ಕಾರ್ಯದರ್ಶಿಯವರು ಎದ್ದು ನಿಂತು, “ಪರೀಕ್ಷೆ ಸರಿಯಾಗಿ ಆಗಿರ್ಲಿಲ್ಲ. ನಡೆಸಿದ್ದು ನಾನು. ಒಳಗೆ ಹೋಗಿ ನೋಡ್ಬೇಕಿತ್ತು, ನೋಡ್ಲಿಲ್ಲ,” ಎಂದರು. ಗಾಜಿನಾಚೆ ನಿಂತು ನೋಡಿದ ಹಾಗೆ ನಟಿಸಿದಿರಾ ಎಂದು ಒಬ್ಬರು ಚುಚ್ಚಿದರು. ಅದನ್ನೂ ಅವರು ಕೇಳಿಕೊಂಡರು. ನಾನು ನೆಲ ನೋಡುತ್ತ ಕೂತಿದ್ದೆ. ವಿತರಣೆ ಸುಸೂತ್ರವಾಗಿ ಆದದ್ದರಿಂದ ಯೋಜನೆ ಉಳಿಯಿತು, ಆದರೆ ಅದನ್ನು ಅವರ ಕೈಯಿಂದ ತೆಗೆದು ನಿರ್ದೇಶಕರ ಉಪಸಮಿತಿಗೆ ಕೊಟ್ಟರು.

ಸಭೆ ಮುಗಿದ ಮೇಲೆ ನಾನು ಹೋಗಿ ಅವರ ಮೇಜಿನ ಮುಂದೆ ನಿಂತೆ. ನನ್ನ ಹೆಸರು ಏಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಬೇಕಾದವರು ನೀವು ಎಂದರು ಅವರು. ಆಮೇಲೆ, “ನಾನು ಎಲ್ಲದಕ್ಕೂ ಇಲ್ದಿದ್ರೆ ಎಂತ ಅಂತ ಕೇಳ್ದೆ. ವಯರು ಕೀಳೋರಿಗೆ ಹೆದರಿಕೆ ಆದ್ರೆ ಎಂತ ಅಂತ ಕೇಳ್ಲೇ ಇಲ್ಲ ನೋಡಿ. ಅದು ನನ್ನ ತಪ್ಪೇ,” ಎಂದರು. ಅದರಲ್ಲಿ ಕೊಂಕು ಇರಲಿಲ್ಲ. ಬಿಟ್ಟುಹೋದ ಬೀಗದ ಕೈ ನೆನಪಾದವರಂತೆ ಹೇಳಿದರು.

ಕೊಪ್ಪಕ್ಕೆ ಹೊಸ ಯಂತ್ರ, ಎರಡೂ ಊರಿಗೆ ಒಂದೊಂದು ಹೊಸ ಲಾಕ್ ಬಂದ ಮೇಲೆ ಉಪಸಮಿತಿ ಮತ್ತೆ ಪರೀಕ್ಷೆ ಇಟ್ಟಿತು. ಈ ಸಲ ಕಾರ್ಯದರ್ಶಿಯವರೂ ಕೋಣೆಯೊಳಗೆ ಬಂದು, ಜಾಗ ಸಾಲದೆ ಗೋಡೆಗೆ ಒತ್ತಿಕೊಂಡು ನಿಂತರು. ನಾನು ಎರಡೂ ವಯರು ಕಿತ್ತೆ. ಫ್ಯಾನುಗಳು ನಿಧಾನವಾಗಿ ನಿಂತವು. ನರಸಿಂಹರಾಜಪುರ ಎದ್ದಿತು, ವಯರು ಮತ್ತೆ ಸಿಕ್ಕಿಸಿದ ಮೇಲೆ ಕೊಪ್ಪವೂ ಎದ್ದಿತು. ಗಾಜಿನಾಚೆ ನಿರ್ದೇಶಕರು ಉಪಸಮಿತಿಯ ಅಧ್ಯಕ್ಷರ ಕೈಕುಲುಕುತ್ತಿದ್ದರು. ಅಂದಿನ ತಪ್ಪು ನನ್ನದೆಂದು ಆಗಲಾದರೂ ನಾನು ಹೊರಗೆ ಹೋಗಿ ಹೇಳಬಹುದಿತ್ತು. ಕಾರ್ಯದರ್ಶಿಯವರು ನನ್ನ ಮುಖವನ್ನು ಒಮ್ಮೆ ನೋಡಿದರು. ನಾನು ವಯರು ಸರಿಮಾಡುವ ನೆಪದಲ್ಲಿ ಬಗ್ಗಿದೆ. ಅವರು ಬಾಗಿಲು ತೆಗೆದು, ಎಲ್ಲರ ಹಿಂದೆ ಹೋಗಿ ನಿಂತರು.